ಡಂಜನ್ ಆಟ ಕೊಳ್ಳುವ ಮುನ್ನ: ರಾಕ್ಷಸರನ್ನು ನಡೆಸುವವರು ಯಾರು?

ಡಂಜನ್ ಆಟಗಳು ಎಂದರೆ ನೆಲಮಾಳಿಗೆಯಂಥ ಕೋಣೆಗಳಿಗೆ ನುಗ್ಗಿ ರಾಕ್ಷಸರೊಡನೆ ಹೊಡೆದಾಡುವ ಬೋರ್ಡ್ ಆಟಗಳು. ಅವುಗಳ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಎಲ್ಲದರ ಮೇಲೂ ಕತ್ತಿ ಹಿಡಿದವನೊಬ್ಬ, ಮಂತ್ರ ಹಾಕುವವಳೊಬ್ಬಳು, ಹಿಂದೆ ಬಾಯಿ ತೆರೆದು ನಿಂತ ರಾಕ್ಷಸ. ಎಲ್ಲದರಲ್ಲೂ ವೀರರಾಗಿ ಆಡುವವರೆಲ್ಲ ಒಂದೇ ಪಕ್ಷ. ಗೆದ್ದರೆ ಎಲ್ಲರೂ ಗೆದ್ದಂತೆ, ಸೋತರೆ ಎಲ್ಲರೂ ಸೋತಂತೆ. ಮನೆಗೆ ತಂದು ಬಿಚ್ಚಿದ ಮೇಲೆ ಮಾತ್ರ ಒಂದು ಆಟ ವರ್ಷಗಟ್ಟಲೆ ಮೇಜಿನ ಮೇಲಿರುತ್ತದೆ, ಇನ್ನೊಂದು ಎರಡನೇ ವಾರಕ್ಕೇ ಅಟ್ಟ ಸೇರುತ್ತದೆ. ಅಟ್ಟ ಸೇರಿದ ಆಟ ಕೆಟ್ಟದ್ದೇ ಆಗಿರಬೇಕಿಲ್ಲ. ಅದು ಬೇಡುವ ದುಡಿಮೆ ಆ ಗುಂಪಿಗೆ ಒಗ್ಗಿರುವುದಿಲ್ಲ.

ದುಡಿಮೆಯಲ್ಲಿ ದೊಡ್ಡ ಪಾಲು ರಾಕ್ಷಸರದ್ದು. ವೀರರೆಲ್ಲ ಒಂದೇ ಪಕ್ಷವಾದ ಮೇಲೆ ಎದುರು ಪಕ್ಷವನ್ನು ಯಾರಾದರೂ ನಡೆಸಲೇಬೇಕು. ಯಾವ ರಾಕ್ಷಸ ಯಾರ ಕಡೆ ನಡೆಯುತ್ತದೆ, ಯಾರಿಗೆ ಹೊಡೆಯುತ್ತದೆ, ಎಷ್ಟು ಪೆಟ್ಟು ತಿಂದಿದೆ ಎಂಬ ಲೆಕ್ಕ ಪ್ರತಿ ಸುತ್ತಿನಲ್ಲೂ ಬರುತ್ತದೆ. ಇದನ್ನು ಈ ಆಟಗಳು ನಾಲ್ಕು ಬಗೆಯಲ್ಲಿ ನಿಭಾಯಿಸುತ್ತವೆ: ಕಾರ್ಡುಗಳ ಗಡ್ಡಿ ಹೇಳಿದಂತೆ ಆಟಗಾರರೇ ರಾಕ್ಷಸರನ್ನು ನಡೆಸುವುದು, ಫೋನಿನ ಆ್ಯಪ್ ಹೇಳುವುದು, ಗುಂಪಿನಲ್ಲಿ ಒಬ್ಬರು ರಾಕ್ಷಸರ ಪಕ್ಷ ವಹಿಸುವುದು, ಅಥವಾ ಒಂದೊಂದು ರಾಕ್ಷಸನ ಕಾರ್ಡಿನ ಮೇಲೇ ಎರಡು ಸಾಲಿನ ಆಜ್ಞೆ ಅಚ್ಚಾಗಿರುವುದು. ಬೊಂಬೆಗಳ ಅಂದ, ಪೆಟ್ಟಿಗೆಯ ಗಾತ್ರ, ಅಂತರ್ಜಾಲದ ರ‍್ಯಾಂಕು ಇವೆಲ್ಲವನ್ನೂ ಬದಿಗಿಟ್ಟು ಮೊದಲು ಈ ನಾಲ್ಕರಲ್ಲಿ ನಿಮ್ಮ ಮನೆಗೆ ಯಾವುದು ಸರಿ ಎಂದು ತೀರ್ಮಾನಿಸಿದರೆ ಮುಕ್ಕಾಲು ಆಯ್ಕೆ ಮುಗಿದಂತೆ.

ಉಳಿದ ಕಾಲು ಭಾಗ, ಪ್ರತಿ ವಾರ ಅದೇ ಜನ ಸೇರುತ್ತಾರೋ ಇಲ್ಲವೋ ಎಂಬುದು. ಸೇರುವವರು ಬದಲಾಗುತ್ತಿದ್ದರೆ 25 ಅಥವಾ 95 ಸಿನಾರಿಯೊಗಳ (ಒಂದು ಸಲ ಕೂತು ಆಡುವ ಕಂತುಗಳ) ಕ್ಯಾಂಪೇನ್ ಆಟ, ಅಂದರೆ ಕಂತಿನಿಂದ ಕಂತಿಗೆ ಕಥೆ ಮುಂದುವರಿಯುವ ಆಟ ಕೊಳ್ಳಬೇಡಿ. ಐದನೇ ಸಿನಾರಿಯೊದಲ್ಲಿ ಬಂದು ಕೂತವರಿಗೆ ತಮ್ಮ ಪಾತ್ರ ಏನು ಮಾಡಬಲ್ಲದು ಎಂದು ಹೇಳಿಕೊಡುವುದರಲ್ಲೇ ಸಂಜೆ ಕಳೆದುಹೋಗುತ್ತದೆ.

ಕಾರ್ಡು ನಡೆಸುವ ಆಟ: ಜಾಸ್ ಆಫ್ ದ ಲಯನ್

ಒಂದೇ ಮಾತಿನಲ್ಲಿ ಸಲಹೆ ಕೇಳಿದರೆ ಉತ್ತರ ಇದು: ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಅದೇ ಇಬ್ಬರು ಅಥವಾ ಮೂವರು ಸೇರುವುದಾದರೆ ಗ್ಲೂಮ್‌ಹೇವನ್ ಸರಣಿಯ ಸಣ್ಣ ಪೆಟ್ಟಿಗೆ, 2020ರ ಜಾಸ್ ಆಫ್ ದ ಲಯನ್ ತೆಗೆದುಕೊಳ್ಳಿ. ಐಸಾಕ್ ಚಿಲ್ಡ್ರೆಸ್ ರೂಪಿಸಿದ ಮೂಲ ಗ್ಲೂಮ್‌ಹೇವನ್ 2017ರದ್ದು. ಬಂದಾಗ ಅಮೆರಿಕದಲ್ಲಿ ಅದರ ಬೆಲೆ 140 ಡಾಲರ್, ಜಾಸ್‌ನದು 50. ಆ ದುಡ್ಡಿಗೆ 4 ಪಾತ್ರ, 25 ಸಿನಾರಿಯೊ. ಇಬ್ಬರು ಆಡಿದರೆ ಒಂದು ಸಿನಾರಿಯೊಗೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಸೋತರೆ ಅದನ್ನೇ ಮತ್ತೆ ಆಡಬೇಕು. ಹೀಗಾಗಿ ಸಲೀಸಾಗಿ 50 ಗಂಟೆಯ ಆಟ.

ಮೂಲ ಗ್ಲೂಮ್‌ಹೇವನ್‌ನಲ್ಲಿ ಪ್ರತಿ ಸಲ ರಟ್ಟಿನ ನಕ್ಷೆ ತುಂಡುಗಳನ್ನು ಹುಡುಕಿ ಜೋಡಿಸಬೇಕು. ಜಾಸ್‌ನಲ್ಲಿ ಸುರುಳಿ ಬೈಂಡಿಂಗ್ ಇರುವ ಸಿನಾರಿಯೊ ಪುಸ್ತಕದ ಪುಟವೇ ನಕ್ಷೆ. ಪುಟ ತೆರೆದಿಟ್ಟು ಅದರ ಮೇಲೇ ಕಾಯಿ ಇಡುವುದು. ಇದು ನೋಡುವುದಕ್ಕೆ ಸಣ್ಣ ಅನುಕೂಲ, ಆದರೆ ಆಟ ಶುರುವಾಗುವ ಮುಂಚಿನ ಅರ್ಧ ಗಂಟೆಯ ತಯಾರಿಯನ್ನು ಹತ್ತು ನಿಮಿಷಕ್ಕೆ ಇಳಿಸುವುದು ಇದೇ. ನಾಲ್ಕು ಜನ ಕೂರುವ ಊಟದ ಮೇಜೂ ಸಾಕಾಗುತ್ತದೆ. ಮೊದಲ 5 ಸಿನಾರಿಯೊ ಇರುವುದೇ ಕಲಿಸುವುದಕ್ಕೆ. ನಿಯಮಗಳನ್ನು ಅಷ್ಟಷ್ಟೇ ಬಿಟ್ಟುಕೊಡುತ್ತಾ ಹೋಗುತ್ತದೆ. ಪುಸ್ತಕ ಪೂರ್ತಿ ಓದಿ ಕೂರಬೇಕಾದ ಅಗತ್ಯವಿಲ್ಲ.

ಆಟದ ತಿರುಳು ಇಲ್ಲಿದೆ. ದಾಳ ಇಲ್ಲ. ನಿಮ್ಮ ಕೈಯಲ್ಲಿ ಕಾರ್ಡುಗಳು. ಪ್ರತಿ ಕಾರ್ಡಿನ ಮೇಲರ್ಧದಲ್ಲಿ ಒಂದು ಕ್ರಿಯೆ, ಕೆಳಗಿನ ಅರ್ಧದಲ್ಲಿ ಇನ್ನೊಂದು, ನಡುವೆ ಒಂದು ಸಂಖ್ಯೆ. ಪ್ರತಿ ಸುತ್ತಿಗೆ ಎರಡು ಕಾರ್ಡು ಆರಿಸಿ, ಒಂದರ ಮೇಲರ್ಧ, ಇನ್ನೊಂದರ ಕೆಳಗಿನ ಅರ್ಧ ಬಳಸಬೇಕು. ಎರಡರಲ್ಲಿ ಮುಂದೆ ಇಟ್ಟ ಕಾರ್ಡಿನ ಸಂಖ್ಯೆ ನಿಮ್ಮ ಸರದಿ ಯಾವಾಗ ಎಂದು ಹೇಳುತ್ತದೆ. ಸಣ್ಣ ಸಂಖ್ಯೆ ಮೊದಲು. ಬೇಕಾದ್ದು ಸಿಗದಿದ್ದರೆ ಯಾವ ಕಾರ್ಡಿನ ಮೇಲರ್ಧವನ್ನಾದರೂ 2ರ ಹೊಡೆತವಾಗಿ, ಕೆಳಗಿನ ಅರ್ಧವನ್ನು 2 ಮನೆಯ ನಡಿಗೆಯಾಗಿ ಬಳಸಬಹುದು. ಹೊಸಬರು ಇದನ್ನು ಮರೆತು ಕೈಕಟ್ಟಿ ಕೂರುತ್ತಾರೆ.

ಈ ಕಾರ್ಡುಗಳೇ ನಿಮ್ಮ ದಮ್ಮು. ಕೈ ಖಾಲಿಯಾದಾಗ ವಿಶ್ರಾಂತಿ ತೆಗೆದುಕೊಂಡರೆ ಆಡಿದ ಕಾರ್ಡುಗಳು ಮರಳುತ್ತವೆ, ಆದರೆ ಪ್ರತಿ ವಿಶ್ರಾಂತಿಗೂ ಒಂದು ಕಾರ್ಡು ಆ ಸಿನಾರಿಯೊ ಮುಗಿಯುವವರೆಗೆ ಕಳೆದುಹೋಗುತ್ತದೆ. ರೆಡ್ ಗಾರ್ಡ್ ಪಾತ್ರಕ್ಕೆ 10 ಕಾರ್ಡು. ಕಿರು ವಿಶ್ರಾಂತಿಗಳನ್ನಷ್ಟೇ (ಸುತ್ತು ಬಿಡದೆ ತೆಗೆದುಕೊಳ್ಳುವ ವಿಶ್ರಾಂತಿ) ತೆಗೆದುಕೊಂಡು ಲೆಕ್ಕ ಹಾಕಿ: ಮೊದಲು 5 ಸುತ್ತು, ಒಂದು ಕಾರ್ಡು ಹೋಗಿ 9 ಉಳಿದಾಗ 4, ಆಮೇಲೆ 4, 3, 3, 2, 2, 1, 1. ಒಟ್ಟು 25 ಸುತ್ತು. ಇನ್ನು ಕೆಲವು ಜೋರಾದ ಕ್ರಿಯೆಗಳ ಪಕ್ಕ ಒಂದು ಗುರುತಿರುತ್ತದೆ. ಅವನ್ನು ಬಳಸಿದರೆ ಆ ಕಾರ್ಡು ಆಗಲೇ ಕಳೆದುಹೋಗುತ್ತದೆ. ಅಂಥ ಒಂದು ಕಾರ್ಡನ್ನು ಮೊದಲ ಸುತ್ತಿನಲ್ಲೇ ಹಾಕಿದರೆ 25 ಸುತ್ತು 21ಕ್ಕೆ ಇಳಿಯುತ್ತದೆ. ಅದೇ ಕಾರ್ಡನ್ನು ಕೈಯಲ್ಲಿ ನಾಲ್ಕೇ ಉಳಿದಾಗ ಹಾಕಿದರೆ ನಷ್ಟ ಒಂದೇ ಸುತ್ತು. ‘ಈ ಆಟ ಗೆಲ್ಲುವುದಕ್ಕೇ ಆಗುವುದಿಲ್ಲ’ ಎಂದು ಬೇಸತ್ತು ಮಾರುವ ಗುಂಪುಗಳಲ್ಲಿ ಬಹುಪಾಲು ಎಡವುವುದು ಇಲ್ಲೇ: ಮೊದಲ ಕೋಣೆಯಲ್ಲೇ ಮೂರು ದೊಡ್ಡ ಹೊಡೆತ ಹಾಕಿ, ಕೊನೆಯ ಕೋಣೆಯ ಬಾಗಿಲಲ್ಲಿ ಸುಸ್ತಾಗಿ ಬೀಳುತ್ತಾರೆ. ಡಿಮಾಲಿಷನಿಸ್ಟ್ ಪಾತ್ರಕ್ಕೆ 9 ಕಾರ್ಡು, ಅಂದರೆ ಅದೇ ಲೆಕ್ಕದಲ್ಲಿ 20 ಸುತ್ತು ಮಾತ್ರ. ಮೊದಲ ಸಲ ಆಡುವವರ ಕೈಗೆ ಅದನ್ನು ಕೊಡಬೇಡಿ. ರೆಡ್ ಗಾರ್ಡ್ ಅಥವಾ ಹ್ಯಾಚೆಟ್ ಕೊಡಿ.

ಬಾಗಿಲು ತೆರೆಯುವ ಹೊತ್ತೂ ಮುಖ್ಯ. ಹೊಸ ಕೋಣೆಯಲ್ಲಿ ಕಾಣಿಸಿಕೊಂಡ ರಾಕ್ಷಸರು ಅದೇ ಸುತ್ತಿನಲ್ಲಿ ಹೊಡೆಯುತ್ತಾರೆ. ಕೈಯಲ್ಲಿ ಎರಡೋ ಮೂರೋ ಕಾರ್ಡು ಇದ್ದಾಗ ಬಾಗಿಲು ತೆರೆದರೆ ಮುಂದಿನ ಸುತ್ತಿಗೆ ಉತ್ತರ ಕೊಡಲು ಏನೂ ಇರುವುದಿಲ್ಲ. ವಿಶ್ರಾಂತಿ ಮುಗಿಸಿ, ಕೈ ತುಂಬಿಸಿಕೊಂಡು ತೆರೆಯಿರಿ. ಒಂದು ಸುತ್ತಿನಲ್ಲಿ ತಡವಾಗಿ ಆಡಿ ಹೊಡೆದು, ಮುಂದಿನ ಸುತ್ತಿನಲ್ಲಿ ಸಣ್ಣ ಸಂಖ್ಯೆ ಹಾಕಿ ಮತ್ತೊಮ್ಮೆ ಹೊಡೆದು ಹಿಂದೆ ಸರಿಯುವುದು ಇಲ್ಲಿನ ಅತ್ಯುತ್ತಮ ಪಟ್ಟು. ನಡುವೆ ರಾಕ್ಷಸನಿಗೆ ಸರದಿಯೇ ಸಿಗುವುದಿಲ್ಲ.

ಈಗ ದುಡಿಮೆಯ ಮಾತು. ಪ್ರತಿ ಜಾತಿಯ ರಾಕ್ಷಸರಿಗೂ 8 ಕಾರ್ಡುಗಳ ಒಂದು ಗಡ್ಡಿ. ಸುತ್ತಿಗೊಂದು ಕಾರ್ಡು ತಿರುಗಿಸಿದರೆ ಆ ಜಾತಿಯವರೆಲ್ಲ ಅದರಂತೆ ನಡೆಯುತ್ತಾರೆ. ಯಾರನ್ನು ಗುರಿಮಾಡುತ್ತಾರೆ? ಅತಿ ಕಡಿಮೆ ನಡಿಗೆಯಲ್ಲಿ ಯಾರಿಗೆ ಹೊಡೆಯಲು ಸಾಧ್ಯವೋ ಅವರನ್ನು, ಸಮನಾದರೆ ಹತ್ತಿರದವರನ್ನು, ಅದೂ ಸಮನಾದರೆ ಆ ಸುತ್ತಿನಲ್ಲಿ ಮೊದಲು ಆಡುವವರನ್ನು. ಬೇರೆ ದಾರಿ ಇದ್ದರೆ ಬಲೆಗಳನ್ನು ತುಳಿಯುವುದಿಲ್ಲ. ಹೊಡೆತಕ್ಕೊಂದು ಕಾರ್ಡನ್ನು 20 ಕಾರ್ಡುಗಳ ಇನ್ನೊಂದು ಗಡ್ಡಿಯಿಂದ ತೆಗೆಯಬೇಕು. ಅದರಲ್ಲಿ ಒಂದು ಕಾರ್ಡು ಹೊಡೆತವನ್ನು ಇಮ್ಮಡಿ ಮಾಡುತ್ತದೆ, ಒಂದು ಪೂರ್ತಿ ಹುಸಿ ಮಾಡುತ್ತದೆ, ಉಳಿದವು 2 ಕಳೆಯುವುದರಿಂದ 2 ಕೂಡಿಸುವುದರವರೆಗೆ. ಒಬ್ಬರು ಇಷ್ಟನ್ನು ಮನಸ್ಸಿಟ್ಟು ನೋಡಿಕೊಳ್ಳಬೇಕು. ಗುಂಪಿನಲ್ಲಿ ಅಂಥವರು ಒಬ್ಬರೂ ಇಲ್ಲ ಎಂದಾದರೆ ಈ ಆಟ ಎಷ್ಟೇ ಚೆನ್ನಾಗಿರಲಿ, ಬೇಡ. ಇಬ್ಬರಿದ್ದರೆ ಕೆಲಸ ಹಂಚಿ: ಒಬ್ಬರು ರಾಕ್ಷಸರನ್ನು ನಡೆಸಲಿ, ಇನ್ನೊಬ್ಬರು ಪೆಟ್ಟಿನ ಲೆಕ್ಕ ಇಡಲಿ.

ಸಹಕಾರದ ಆಟಗಳಿಗೆಲ್ಲ ಅಂಟಿಕೊಂಡ ಒಂದು ರೋಗವಿದೆ. ಆಟ ಚೆನ್ನಾಗಿ ಬಲ್ಲ ಒಬ್ಬರು ಉಳಿದವರಿಗೆಲ್ಲ ‘ನೀನು ಇದನ್ನು ಮಾಡು, ನೀನು ಅಲ್ಲಿಗೆ ಹೋಗು’ ಎಂದು ಹೇಳುತ್ತಾ ಹೋದರೆ ಉಳಿದವರು ಕಾಯಿ ಸರಿಸುವ ಕೈಗಳಷ್ಟೇ ಆಗುತ್ತಾರೆ. ಗ್ಲೂಮ್‌ಹೇವನ್ ಇದಕ್ಕೆ ಮದ್ದು ಇಟ್ಟಿದೆ: ಕಾರ್ಡಿನ ಹೆಸರನ್ನಾಗಲಿ ಸಂಖ್ಯೆಯನ್ನಾಗಲಿ ಹೇಳಬಾರದು. ‘ನಾನು ಬೇಗ ಹೋಗಿ ಆ ಬಿಲ್ಲುಗಾರನನ್ನು ನೋಡಿಕೊಳ್ಳುತ್ತೇನೆ’ ಎನ್ನಬಹುದು, ‘15ಕ್ಕೆ ಹೋಗಿ 3 ಹೊಡೆಯುತ್ತೇನೆ’ ಎನ್ನುವಂತಿಲ್ಲ. ಈ ನಿಯಮವನ್ನು ಸಡಿಲ ಬಿಡಬೇಡಿ. ಮನೆಯಲ್ಲಿ ಒಬ್ಬರ ದರ್ಬಾರು ನಡೆಯುವ ಸ್ವಭಾವವಿದ್ದರೆ ಈ ಸರಣಿಯನ್ನು ಆರಿಸುವುದಕ್ಕೆ ಇದೊಂದೇ ಕಾರಣ ಸಾಕು.

ದೊಡ್ಡ ಪೆಟ್ಟಿಗೆಗಳು ಯಾರಿಗೆ?

ಮೂಲ ಗ್ಲೂಮ್‌ಹೇವನ್‌ನಲ್ಲಿ 95 ಸಿನಾರಿಯೊ, 17 ಪಾತ್ರ. ಶುರುವಿಗೆ 6 ಪಾತ್ರಗಳಷ್ಟೇ ತೆರೆದಿರುತ್ತವೆ. ನಿಮ್ಮ ಪಾತ್ರ ತನ್ನ ಸ್ವಂತ ಗುರಿ ಮುಟ್ಟಿದಾಗ ನಿವೃತ್ತಿ ಪಡೆಯುತ್ತದೆ, ಆಗ ಮುಚ್ಚಿದ ಇನ್ನೊಂದು ಡಬ್ಬಿ ತೆರೆಯಬಹುದು. ಆ ಡಬ್ಬಿ ತೆರೆಯುವ ಸಂಭ್ರಮಕ್ಕಾಗಿಯೇ ವರ್ಷಗಟ್ಟಲೆ ಆಡುವವರಿದ್ದಾರೆ, ಅದು ನಿಜವಾಗಿಯೂ ಅಷ್ಟು ಸೊಗಸಾಗಿದೆ. ಆದರೆ ವಾರಕ್ಕೊಂದು ಸಂಜೆ ಎಂದುಕೊಂಡರೂ ಎರಡು ವರ್ಷದ ಬದ್ಧತೆ ಇದು. ಜಾಸ್‌ನ 25 ಮುಗಿಸಿ ‘ಇನ್ನೂ ಬೇಕು’ ಎಂದು ಅನ್ನಿಸಿದವರು ಮಾತ್ರ ಇತ್ತ ಬನ್ನಿ. ಜಾಸ್‌ನ ನಾಲ್ಕೂ ಪಾತ್ರಗಳನ್ನು ಇದರಲ್ಲಿ ಬಳಸಬಹುದು, ಹಾಗಾಗಿ ಕೊಟ್ಟ ದುಡ್ಡು ದಂಡವಾಗುವುದಿಲ್ಲ. ಈಗ ಎರಡನೇ ಆವೃತ್ತಿಯೂ ಬಂದಿದೆ. ಹೊಸದಾಗಿ ಕೊಳ್ಳುವವರು ಅದನ್ನೇ ನೋಡಲಿ.

ಫ್ರಾಸ್ಟ್‌ಹೇವನ್ ಇನ್ನೂ ಒಂದು ಹೆಜ್ಜೆ ಮುಂದೆ. ಪ್ರತಿ ಸಿನಾರಿಯೊ ಮುಗಿದ ಮೇಲೆ ಹಿಮಾವೃತ ಊರೊಂದನ್ನು ಕಟ್ಟುವ ಕೆಲಸ. ಮರ, ಲೋಹ, ಚರ್ಮ, ಗಿಡಮೂಲಿಕೆ ಕೂಡಿಸಿ ಆಯುಧ, ಮದ್ದು ತಯಾರಿಸುವುದು. ಹೊಡೆದಾಟದಷ್ಟೇ ಲೆಕ್ಕಪತ್ರದಲ್ಲೂ ಖುಷಿ ಪಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಉಳಿದವರಿಗೆ ಆ ಊರಿನ ಅರ್ಧ ಗಂಟೆ ಭಾರ.

ಅಮೆರಿಕದಿಂದ ಬರುವ ಅಣ್ಣನಿಗೋ ಅತ್ತಿಗೆಗೋ ತರಲು ಹೇಳುವ ಯೋಚನೆಯಿದ್ದರೆ ತೂಕ ತಿಳಿದುಕೊಂಡು ಹೇಳಿ. ಗ್ಲೂಮ್‌ಹೇವನ್ ಸುಮಾರು 10 ಕೆಜಿ, ಫ್ರಾಸ್ಟ್‌ಹೇವನ್ ಸುಮಾರು 16 ಕೆಜಿ. 23 ಕೆಜಿಯ ಒಂದು ಸೂಟ್‌ಕೇಸಿನಲ್ಲಿ ಫ್ರಾಸ್ಟ್‌ಹೇವನ್ ಇಟ್ಟರೆ ಬಟ್ಟೆಗೆ ಉಳಿಯುವುದು ಅಷ್ಟರಲ್ಲೇ ಇದೆ. ಜಾಸ್ ಆದರೆ ನಿರಾಯಾಸ.

ಆ್ಯಪ್ ನಡೆಸುವ ಆಟ: ಡಿಸೆಂಟ್

ರಾಕ್ಷಸರ ಲೆಕ್ಕವೇ ಬೇಡ ಎನ್ನುವವರಿಗೆ 2021ರ ಡಿಸೆಂಟ್: ಲೆಜೆಂಡ್ಸ್ ಆಫ್ ದ ಡಾರ್ಕ್. 1ರಿಂದ 4 ಜನ. ಫೋನ್, ಟ್ಯಾಬ್ ಅಥವಾ ಕಂಪ್ಯೂಟರಿನಲ್ಲಿ ಉಚಿತ ಆ್ಯಪ್ ಹಾಕಿಕೊಳ್ಳಬೇಕು; ಅದಿಲ್ಲದೆ ಈ ಆಟ ಆಡಲು ಬರುವುದೇ ಇಲ್ಲ. ರಾಕ್ಷಸರ ನಡೆ, ಅವರ ಪ್ರಾಣದ ಲೆಕ್ಕ, ಕಥೆ, ಅಂಗಡಿ, ಆಯುಧ ತಯಾರಿ ಎಲ್ಲ ಅದರೊಳಗೆ. ನಿಮಗುಳಿಯುವುದು ದಾಳ ಹಾಕುವುದು, ಬೊಂಬೆ ನಡೆಸುವುದು, ಕಾರ್ಡು ತಿರುಗಿಸುವುದು. ಆ ಕಾರ್ಡು ತಿರುಗಿಸುವುದೇ ಇದರ ಜಾಣತನ: ಪಾತ್ರದ ಕಾರ್ಡಿಗೂ ಆಯುಧದ ಕಾರ್ಡಿಗೂ ಎರಡು ಮುಖ. ಕಾರ್ಡುಗಳ ಮೇಲೆ ದಣಿವಿನ ಬಿಲ್ಲೆ ತುಂಬುತ್ತಾ ಹೋಗುತ್ತದೆ. ಸರದಿಯ ಒಂದು ಕೆಲಸ ಖರ್ಚು ಮಾಡಿ ಕಾರ್ಡು ಮಗುಚಿದರೆ ದಣಿವು ಹೋಗಿ ಇನ್ನೊಂದು ಮುಖದ ಶಕ್ತಿ ಸಿಗುತ್ತದೆ. ಹೊಡೆಯುವುದನ್ನೇ ನೋಡುತ್ತಾ ಮಗುಚುವುದನ್ನು ಮುಂದೂಡಿದವರು ಮೂರನೇ ಸುತ್ತಿಗೆ ಕೈಲಾಗದೆ ನಿಲ್ಲುತ್ತಾರೆ.

ಪೆಟ್ಟಿಗೆಯಲ್ಲಿ 40 ಬೊಂಬೆ, ರಟ್ಟಿನಲ್ಲಿ ಎದ್ದುನಿಲ್ಲುವ 46 ತುಂಡು: ಮೆಟ್ಟಿಲು, ಕಂಬ, ಮರ, ಪುಸ್ತಕದ ಕಪಾಟು. ಮೇಜಿನ ಮೇಲೆ ಎರಡು ಅಂತಸ್ತಿನ ಕಟ್ಟಡ ಎದ್ದಾಗ ನೋಡಿದವರು ಕೂರದೆ ಇರಲಾರರು. ಬೆಲೆ ತೆರುವುದೂ ಇದಕ್ಕೇ. ಇವನ್ನು ಮೊದಲ ಸಲ ಜೋಡಿಸಲು ಒಂದು ಸಂಜೆ ಬೇಕು. ಮತ್ತೆ ಬಿಚ್ಚಿಟ್ಟರೆ ಸಂದುಗಳು ಸವೆಯುತ್ತವೆ, ಬಿಚ್ಚದಿದ್ದರೆ ಇಡಲು ಜಾಗ ಬೇಕು. ಎತ್ತರದ ತುಂಡುಗಳ ಹಿಂದೆ ಕೂತವರಿಗೆ ನಕ್ಷೆ ಕಾಣುವುದಿಲ್ಲ, ಆದ್ದರಿಂದ ಮೇಜಿನ ಎರಡು ಬದಿಯಲ್ಲಷ್ಟೇ ಕೂರುವುದು ಒಳ್ಳೆಯದು.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ: ಆ್ಯಪನ್ನು ನಿಮ್ಮ ಫೋನಿನಲ್ಲಿ ಈಗಲೇ ಹಾಕಿ ನೋಡಿ. ಹಳೆಯ ಫೋನಿನಲ್ಲಿ ತಡವರಿಸಿದರೆ ಆಟವೂ ತಡವರಿಸುತ್ತದೆ. ಟ್ಯಾಬ್ ಅಥವಾ ಲ್ಯಾಪ್‌ಟಾಪ್ ಇದ್ದರೆ ಎಲ್ಲರಿಗೂ ಪರದೆ ಕಾಣುತ್ತದೆ. ಫೋನಿನಲ್ಲಾದರೆ ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ, ಹತ್ತೇ ನಿಮಿಷದಲ್ಲಿ ಎಲ್ಲರೂ ತಂತಮ್ಮ ಫೋನು ಹಿಡಿಯುತ್ತಾರೆ. ದಿನವಿಡೀ ಪರದೆ ನೋಡಿ ಬಂದವರು ಸಂಜೆ ಅದರಿಂದ ತಪ್ಪಿಸಿಕೊಳ್ಳಲು ಬೋರ್ಡ್ ಆಟ ಹುಡುಕುತ್ತಿದ್ದರೆ ಇದು ಅವರಿಗಲ್ಲ.

ಇಲ್ಲಿ ಒಂದು ಎಚ್ಚರ. ಇದೇ ಹೆಸರಿನ 2005ರ ಮತ್ತು 2012ರ ಡಿಸೆಂಟ್‌ಗಳು ಬೇರೆ ಆಟಗಳು. ಅವುಗಳಲ್ಲಿ ಒಬ್ಬರು ಎದುರಾಳಿಯಾಗಿ ಉಳಿದವರ ವಿರುದ್ಧ ಆಡಬೇಕು. 2012ರ ಎರಡನೇ ಆವೃತ್ತಿಗೆ 2016ರಲ್ಲಿ ಆ್ಯಪ್ ಬಂದ ಮೇಲೆ ಅದನ್ನೂ ಒಂದೇ ಪಕ್ಷವಾಗಿ ಆಡಬಹುದಾಯಿತು. ಸೆಕೆಂಡ್ ಹ್ಯಾಂಡ್ ಜಾಹೀರಾತಿನಲ್ಲಿ ಬರೀ ‘ಡಿಸೆಂಟ್’ ಎಂದಿದ್ದರೆ ಪೆಟ್ಟಿಗೆಯ ಫೋಟೊ ಕೇಳಿ.

ಮನುಷ್ಯ ನಡೆಸುವ ಆಟ: ಹೀರೋಕ್ವೆಸ್ಟ್

ಮಕ್ಕಳಿರುವ ಮನೆಗೆ ಹೀರೋಕ್ವೆಸ್ಟ್. ಸ್ಟೀಫನ್ ಬೇಕರ್ ರೂಪಿಸಿದ 1989ರ ಆಟ, 2021ರಲ್ಲಿ ಹೊಸ ಬೊಂಬೆಗಳೊಂದಿಗೆ ಮತ್ತೆ ಬಂತು. ನಾಲ್ಕು ವೀರರು: ಬಾರ್ಬೇರಿಯನ್, ಕುಳ್ಳ, ಎಲ್ಫ್, ಮಂತ್ರವಾದಿ. ಐದನೆಯವರು ಜಾರ್ಗನ್ ಎಂಬ ದುಷ್ಟ ಮಾಂತ್ರಿಕನ ಪಾತ್ರ ವಹಿಸಿ, ಗುಟ್ಟಿನ ಪುಸ್ತಕ ನೋಡಿಕೊಂಡು ಕೋಣೆಗಳನ್ನು ಒಂದೊಂದಾಗಿ ಬಿಚ್ಚಿಡುತ್ತಾರೆ. ಅಪ್ಪನೋ ಸೋದರಮಾವನೋ ಜಾರ್ಗನ್ ಆಗಿ, ಮಕ್ಕಳು ವೀರರಾದರೆ ಈ ಆಟ ತನ್ನ ನಿಜವಾದ ರೂಪಕ್ಕೆ ಬರುತ್ತದೆ. ದೊಡ್ಡವರೂ ವೀರರ ಪಕ್ಷದಲ್ಲೇ ಇರಬೇಕೆಂದರೆ ಜಾರ್ಗನ್‌ನ ಕೆಲಸ ಮಾಡುವ ಉಚಿತ ಆ್ಯಪ್ ಇದೆ.

ನಿಯಮ ಹತ್ತು ನಿಮಿಷದ್ದು. ಎರಡು ದಾಳ ಹಾಕಿ ನಡೆಯಿರಿ. ಹೊಡೆಯುವ ದಾಳದ ಆರು ಮುಖಗಳಲ್ಲಿ ಮೂರು ತಲೆಬುರುಡೆ, ಎರಡು ಬಿಳಿ ಗುರಾಣಿ, ಒಂದು ಕಪ್ಪು ಗುರಾಣಿ. ಬುರುಡೆ ಬಿದ್ದರೆ ಪೆಟ್ಟು. ವೀರರನ್ನು ಬಿಳಿ ಗುರಾಣಿ ಕಾಯುತ್ತದೆ, ರಾಕ್ಷಸರನ್ನು ಕಪ್ಪು ಗುರಾಣಿ. ಅಂದರೆ ತಡೆಯುವುದರಲ್ಲಿ ವೀರರಿಗೆ ಇಮ್ಮಡಿ ಅವಕಾಶ. ಬಾರ್ಬೇರಿಯನ್‌ಗೆ ಹೊಡೆಯಲು 3 ದಾಳ, 8 ಪ್ರಾಣ. ಮಂತ್ರವಾದಿಗೆ 1 ದಾಳ, 4 ಪ್ರಾಣ. ಆದರೆ 12 ಮಂತ್ರಗಳಲ್ಲಿ 9 ಅವನವು, ಉಳಿದ 3 ಎಲ್ಫ್‌ನವು. ಮಂತ್ರ ಒಂದು ಸಾಹಸಕ್ಕೆ ಒಮ್ಮೆ ಮಾತ್ರ. ಮಂತ್ರವಾದಿಯನ್ನು ಚಿಕ್ಕ ಮಗುವಿಗೆ ಕೊಡಬೇಡಿ: ಮೊದಲ ಕೋಣೆಯಲ್ಲೇ ಮಂತ್ರ ಮುಗಿಸಿ, ಒಂದೇ ದಾಳದಲ್ಲಿ ಹೊಡೆಯುತ್ತಾ ಬೇಜಾರಾಗುತ್ತದೆ. ಅವರಿಗೆ ಬಾರ್ಬೇರಿಯನ್ ಸರಿ.

ಇದರಲ್ಲಿ 14 ಸಾಹಸಗಳಿವೆ. ಮೊದಲನೆಯದೇ ಕಠಿಣ, ವೆರಾಗ್ ಎಂಬ ಗಾರ್ಗಾಯ್ಲ್ ಎದುರಾದಾಗ ಬೇರೆ ಬೇರೆ ಕೋಣೆಗಳಿಗೆ ಚದುರಿಹೋದ ವೀರರು ಒಬ್ಬೊಬ್ಬರಾಗಿ ಉರುಳುತ್ತಾರೆ. ಜಾರ್ಗನ್ ಆದವರು ಮೊದಲ ದಿನ ‘ಜೊತೆಯಾಗಿ ಹೋಗಿ’ ಎಂದು ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಆಡುವವರು ಎಷ್ಟೇ ಇರಲಿ, ನಾಲ್ಕೂ ವೀರರನ್ನು ಇಳಿಸಿ. ಇಬ್ಬರಿದ್ದರೆ ತಲಾ ಎರಡು. ಸಾಹಸಗಳನ್ನು ನಾಲ್ವರಿಗೆಂದೇ ತೂಗಿಸಿದ್ದಾರೆ.

ಇದರ ಮಿತಿಯನ್ನೂ ಹೇಳಬೇಕು. ನಡಿಗೆಗೆ ದಾಳ ಇರುವುದರಿಂದ ಖಾಲಿ ಓಣಿಯಲ್ಲಿ 2, 3 ಬೀಳುತ್ತಾ ಮೂರು ಸರದಿ ಸುಮ್ಮನೆ ಕಳೆಯಬಹುದು. ಲೆಕ್ಕಾಚಾರದ ಆಟ ಬಯಸುವ ದೊಡ್ಡವರ ಗುಂಪಿಗೆ ಇದು ನಾಲ್ಕನೇ ಸಾಹಸದ ಹೊತ್ತಿಗೆ ತೆಳುವೆನಿಸುತ್ತದೆ. ಹತ್ತು ವರ್ಷದ ಮಗುವಿಗೆ ಹಾಗೆ ಅನ್ನಿಸುವುದೇ ಇಲ್ಲ. ಮುಚ್ಚಿದ ಬಾಗಿಲ ಹಿಂದೆ ಏನಿದೆ ಎನ್ನುವ ಕುತೂಹಲವನ್ನು ಇಷ್ಟು ನೇರವಾಗಿ ಕೊಡುವ ಆಟ ಇನ್ನೊಂದಿಲ್ಲ.

ಯಾರು ಬಂದರೂ ಕೂರಿಸಬಹುದಾದದ್ದು

ಗುಂಪು ಪ್ರತಿ ಸಲ ಬದಲಾಗುತ್ತದೆ, ಐದು ಜನರೂ ಆಗಬಹುದು, ಒಂದು ಗಂಟೆಯಲ್ಲಿ ಮುಗಿಯಬೇಕು ಎಂದಾದರೆ ಡಿ ಆ್ಯಂಡ್ ಡಿಯ (ಡಂಜನ್ಸ್ ಆ್ಯಂಡ್ ಡ್ರಾಗನ್ಸ್) ಅಡ್ವೆಂಚರ್ ಸಿಸ್ಟಮ್ ಸರಣಿ: 2010ರ ಕ್ಯಾಸಲ್ ರೇವನ್‌ಲಾಫ್ಟ್, 2011ರ ರ‍್ಯಾತ್ ಆಫ್ ಆಶರ್ಡಲಾನ್ ಮತ್ತು ಲೆಜೆಂಡ್ ಆಫ್ ಡ್ರಿಟ್ಸ್, 2015ರ ಟೆಂಪಲ್ ಆಫ್ ಎಲಿಮೆಂಟಲ್ ಈವಿಲ್, 2017ರ ಟೂಂಬ್ ಆಫ್ ಅನಾಯಿಲೇಷನ್, 2019ರ ವಾಟರ್‌ಡೀಪ್. ನಿಯಮದ ಬುನಾದಿ ಎಲ್ಲಕ್ಕೂ ಒಂದೇ.

ನಕ್ಷೆ ಮೊದಲೇ ಇರುವುದಿಲ್ಲ. ನಿಮ್ಮ ಸರದಿಯಲ್ಲಿ ನಡೆದು, ಹೊಡೆದು, ಟೈಲಿನ (ರಟ್ಟಿನ ನಕ್ಷೆ ತುಂಡಿನ) ಅಂಚಿಗೆ ಬಂದು ನಿಂತರೆ ಹೊಸ ಟೈಲ್ ತೆಗೆದು ಜೋಡಿಸಬೇಕು, ಅದರ ಮೇಲೊಂದು ರಾಕ್ಷಸ ಏಳುತ್ತದೆ. ಟೈಲಿನ ಬಾಣ ಬಿಳಿಯಾದರೆ ಬಚಾವು, ಕಪ್ಪಾದರೆ ಒಂದು ವಿಪತ್ತಿನ ಕಾರ್ಡು. ಹೊಸ ಟೈಲ್ ತೆರೆಯದೆ ನಿಂತರೂ ವಿಪತ್ತಿನ ಕಾರ್ಡೇ. ಹೆದರಿ ಒಂದೇ ಕಡೆ ನಿಲ್ಲುವ ಗುಂಪು ಸೋಲುವುದು ಇದರಿಂದ. ರಾಕ್ಷಸ ಏನು ಮಾಡುತ್ತದೆ ಎಂಬುದು ಅದರ ಕಾರ್ಡಿನಲ್ಲೇ ಇದೆ: ಪಕ್ಕದಲ್ಲಿದ್ದರೆ ಹೀಗೆ, ದೂರವಿದ್ದರೆ ಹಾಗೆ. ಯಾರು ಆ ಕಾರ್ಡು ತೆಗೆದರೋ ಅವರೇ ತಮ್ಮ ಸರದಿಯ ಕೊನೆಗೆ ಅದನ್ನು ನಡೆಸುತ್ತಾರೆ. ಹೀಗಾಗಿ ದುಡಿಮೆ ತಾನಾಗಿಯೇ ಎಲ್ಲರಿಗೂ ಹಂಚಿಹೋಗುತ್ತದೆ. ಹೊಡೆಯಲು 20 ಮುಖದ ಒಂದೇ ದಾಳ.

ಇಡೀ ಗುಂಪಿಗೆ ಸಾಮಾನ್ಯವಾಗಿ ಚೇತರಿಕೆಯ 2 ಬಿಲ್ಲೆ. ಪ್ರಾಣ ಸೊನ್ನೆಗೆ ಬಂದವರ ಸರದಿ ಶುರುವಾದಾಗ ಬಿಲ್ಲೆ ಉಳಿದಿಲ್ಲದಿದ್ದರೆ ಎಲ್ಲರೂ ಸೋತಂತೆ. ಕೊಂದ ರಾಕ್ಷಸರಿಂದ ಬಂದ ಅನುಭವದ ಅಂಕ 5 ಕೂಡಿದರೆ ಒಂದು ವಿಪತ್ತಿನ ಕಾರ್ಡನ್ನು ರದ್ದು ಮಾಡಬಹುದು. ಹೊಸಬರು ಅಂಕಗಳನ್ನು ಕೂಡಿಟ್ಟುಕೊಂಡೇ ಸೋಲುತ್ತಾರೆ. ಕೈಯಲ್ಲಿ 5 ಆದ ಮೇಲೆ ಬರುವ ಮೊದಲ ಕೆಟ್ಟ ಕಾರ್ಡಿಗೇ ಖರ್ಚು ಮಾಡಿ. ಗುಪ್ತ ಕಾರ್ಡು ಏನೂ ಇಲ್ಲವಾದ್ದರಿಂದ ಮೇಲೆ ಹೇಳಿದ ದರ್ಬಾರಿನ ರೋಗ ಇಲ್ಲಿ ಬಹಳ ಬೇಗ ಹಿಡಿಯುತ್ತದೆ. ಕೇಳದೆ ಸಲಹೆ ಕೊಡಬಾರದು ಎಂಬ ಕಟ್ಟಳೆ ಮೊದಲೇ ಹಾಕಿಕೊಳ್ಳಿ. ಕಥೆ ಮುಂದುವರಿಯುತ್ತಾ ಪಾತ್ರ ಬೆಳೆಯಬೇಕು ಎನ್ನುವವರು ರೇವನ್‌ಲಾಫ್ಟ್ ಬಿಟ್ಟು ಎಲಿಮೆಂಟಲ್ ಈವಿಲ್ ನೋಡಲಿ, ಕ್ಯಾಂಪೇನ್ ಬಂದದ್ದು ಅದರಿಂದ. ಒಂದೇ ರಾತ್ರಿಯ ಆಟಕ್ಕೆ ಈಗಲೂ ರೇವನ್‌ಲಾಫ್ಟೇ ಮೇಲು.

ಇನ್ನು ಸಣ್ಣವು. ಗಂಡ ಹೆಂಡತಿ ಇಬ್ಬರೇ, ರೈಲಿನಲ್ಲೋ ಹೋಮ್‌ಸ್ಟೇಯಲ್ಲೋ ಆಡಲು 2016ರ ಒನ್ ಡೆಕ್ ಡಂಜನ್. ಒಂದು ಗಡ್ಡಿ ಕಾರ್ಡು, ಒಂದು ಹಿಡಿ ದಾಳ, ಮುಕ್ಕಾಲು ಗಂಟೆ. ಗೆದ್ದ ಕಾರ್ಡನ್ನು ಆಯುಧ, ವಿದ್ಯೆ ಅಥವಾ ಅನುಭವ ಈ ಮೂರರಲ್ಲಿ ಒಂದಾಗಿ ಸೇರಿಸಿಕೊಳ್ಳುವ ತೀರ್ಮಾನವೇ ಅದರ ಸ್ವಾರಸ್ಯ. ಒಬ್ಬರೇ ಆಡುವವರಿಗೆ ಗ್ಲೂಮ್‌ಹೇವನ್‌ನ ಕಾರ್ಡು ನಿಯಮವನ್ನೇ ಜೇಬಿಗೆ ಇಳಿಸಿದ ಬಟನ್ಸ್ ಆ್ಯಂಡ್ ಬಗ್ಸ್ ಇದೆ. ಅಕ್ಷರ ಬಹಳ ಸಣ್ಣದು, ಓದುವ ಕನ್ನಡಕ ಬೇಕಾದವರು ಮೊದಲು ಕಾರ್ಡಿನ ಫೋಟೊ ನೋಡಿಕೊಳ್ಳಿ. ಕಥೆ ಕೇಳುವ ಮಕ್ಕಳಿಗೆ 2012ರ ಮೈಸ್ ಆ್ಯಂಡ್ ಮಿಸ್ಟಿಕ್ಸ್ ಚೆಂದ: ಇಲಿಗಳಾಗಿ ಬದಲಾದ ರಾಜಕುಮಾರ ಮತ್ತು ಸಂಗಡಿಗರು, 11 ಅಧ್ಯಾಯ. ಅಧ್ಯಾಯಗಳು ಎರಡು ಗಂಟೆವರೆಗೆ ಹಿಗ್ಗುವುದರಿಂದ ಸಣ್ಣ ಮಕ್ಕಳಿದ್ದರೆ ನಡುವೆ ನಿಲ್ಲಿಸಿ ಫೋಟೊ ತೆಗೆದಿಟ್ಟು ಮರುದಿನ ಮುಂದುವರಿಸಿ.

ಭಾಷೆ, ಹಳೆಯ ಪೆಟ್ಟಿಗೆ, ಮಳೆಗಾಲ

ಇಲ್ಲಿ ಸಿಗುವ ಪೆಟ್ಟಿಗೆಗಳೆಲ್ಲ ಇಂಗ್ಲಿಷಿನವು. ಇಂಗ್ಲಿಷು ತೊಡಕೆನಿಸುವ ಅಜ್ಜಿಯನ್ನೋ ಚಿಕ್ಕಮಗುವನ್ನೋ ಕೂರಿಸಿಕೊಳ್ಳುವುದಾದರೆ ಕೈಯಲ್ಲಿ ಗುಟ್ಟಾಗಿ ಹಿಡಿಯುವ ಕಾರ್ಡು ಎಷ್ಟಿದೆ ಎಂದು ನೋಡಿ. ಹೀರೋಕ್ವೆಸ್ಟ್‌ನಲ್ಲಿ ಜಾರ್ಗನ್ ಆದವರು ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತಾ ಹೋಗಬಹುದು, ವೀರರು ಓದಬೇಕಾದ್ದು ಕೆಲವೇ ಕಾರ್ಡು. ಅಡ್ವೆಂಚರ್ ಸಿಸ್ಟಮ್‌ನಲ್ಲಿ ಎಲ್ಲ ಕಾರ್ಡೂ ಮೇಜಿನ ಮೇಲೆ ತೆರೆದಿರುವುದರಿಂದ ಪಕ್ಕದವರು ಓದಿ ಹೇಳಬಹುದು. ಗ್ಲೂಮ್‌ಹೇವನ್ ಸರಣಿಯಲ್ಲಿ ಮಾತ್ರ ಪ್ರತಿಯೊಬ್ಬರೂ ತಮ್ಮ ಕೈಯ ಕಾರ್ಡುಗಳನ್ನು ತಾವೇ ಓದಿ ಅರ್ಥಮಾಡಿಕೊಳ್ಳಲೇಬೇಕು.

ಸೆಕೆಂಡ್ ಹ್ಯಾಂಡ್ ಗ್ಲೂಮ್‌ಹೇವನ್ ಕೊಳ್ಳುವಾಗ ನಾಲ್ಕು ಕೇಳಿ: ಎಷ್ಟು ಪಾತ್ರದ ಡಬ್ಬಿ ತೆರೆದಿದೆ, ನಕ್ಷೆಗೆ ಸ್ಟಿಕ್ಕರ್ ಅಂಟಿಸಿದ್ದಾರೆಯೇ, ಪಾತ್ರದ ಕಾರ್ಡುಗಳ ಮೇಲೆ ಬಲವರ್ಧನೆಯ ಸ್ಟಿಕ್ಕರ್ ಇದೆಯೇ, ಆಡಿ ಹೊರಹಾಕಿದ ಘಟನೆಯ ಕಾರ್ಡುಗಳನ್ನು ಹರಿದಿದ್ದಾರೋ ಎತ್ತಿಟ್ಟಿದ್ದಾರೋ. ನಕ್ಷೆಯ ಸ್ಟಿಕ್ಕರಿನಿಂದ ಆಟ ಕೆಡುವುದಿಲ್ಲ, ಕಾರ್ಡಿನ ಸ್ಟಿಕ್ಕರಿನಿಂದ ಪಾತ್ರದ ಬಲ ಏರುಪೇರಾಗುತ್ತದೆ. ಹರಿದಿದ್ದರೆ ಬಿಟ್ಟುಬಿಡಿ. 1989ರ ಹೀರೋಕ್ವೆಸ್ಟ್ ಸಿಕ್ಕಿದರೆ ಪೀಠೋಪಕರಣದ ಮೇಲೆ ಸಿಕ್ಕಿಸುವ ಪುಟ್ಟ ಇಲಿ, ಬುರುಡೆಗಳನ್ನು ಎಣಿಸಿಕೊಳ್ಳಿ, ಮೊದಲು ಕಳೆದುಹೋಗುವುದು ಅವೇ.

ಮನೆಗೆ ಬಂದ ದಿನವೇ ಜಿಪ್ ಕವರ್ ತನ್ನಿ. ಗ್ಲೂಮ್‌ಹೇವನ್ ಸರಣಿಯಾದರೆ ಒಂದು ಜಾತಿಯ ರಾಕ್ಷಸರ ರಟ್ಟಿನ ಕಾಯಿ, ಅವರ ಅಂಕಿಅಂಶದ ಹಾಳೆ, 8 ಕಾರ್ಡು ಮೂರೂ ಒಂದೇ ಕವರಿನಲ್ಲಿ, ಹೊರಗೆ ಹೆಸರು ಬರೆದು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಮಡಿಕೆ ಫೈಲಿನಲ್ಲಿ ಇವನ್ನು ಅಕ್ಷರಾನುಕ್ರಮದಲ್ಲಿ ಇಟ್ಟರೆ, ದೊಡ್ಡ ಗ್ಲೂಮ್‌ಹೇವನ್ನಿನ ತಯಾರಿಯೂ ಹದಿನೈದು ನಿಮಿಷಕ್ಕೆ ಬರುತ್ತದೆ. ರಟ್ಟಿನ ಕಾಯಿಗಳನ್ನು ಪ್ಲಾಸ್ಟಿಕ್ ಕಾಲಿಗೆ ಮೇಲಿನಿಂದ ಒತ್ತಿ ತುರುಕಿದರೆ ಕೆಳಗಿನ ಕಾಗದ ಸಿಪ್ಪೆಯಂತೆ ಏಳುತ್ತದೆ. ಒಂದು ಬದಿಯಿಂದ ಓರೆಯಾಗಿ ಜಾರಿಸಿ.

ಕರಾವಳಿಯಲ್ಲೂ ಮಲೆನಾಡಿನಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರ್ಡುಗಳು ಬಾಗುತ್ತವೆ. ಬಾಗಿದ ಕಾರ್ಡನ್ನು ಬೆನ್ನಿನಿಂದಲೇ ಗುರುತು ಹಿಡಿಯಬಹುದು, ಹೊಡೆತದ ಗಡ್ಡಿಯಲ್ಲಿ ಅದು ಆಟವನ್ನೇ ಕೆಡಿಸುತ್ತದೆ. ಎಲ್ಲ ಕಾರ್ಡಿಗೂ ಸ್ಲೀವ್ (ತೆಳು ಪ್ಲಾಸ್ಟಿಕ್ ಕವಚ) ಹಾಕಲು ದುಡ್ಡು ಸುರಿಯಬೇಡಿ. ಗ್ಲೂಮ್‌ಹೇವನ್ ಸರಣಿಯಲ್ಲಿ ಮತ್ತೆ ಮತ್ತೆ ಕಲಸುವುದು ಹೊಡೆತದ ಗಡ್ಡಿ ಮತ್ತು ರಾಕ್ಷಸರ ಗಡ್ಡಿಗಳನ್ನು. ಅವುಗಳಿಗಷ್ಟೇ 44×68 ಮಿಲಿಮೀಟರ್ ಅಳತೆಯ ಸ್ಲೀವ್ ಸಾಕು. ಪಾತ್ರದ ಕಾರ್ಡುಗಳನ್ನು ಕಲಸುವುದು ಕಿರು ವಿಶ್ರಾಂತಿಯಲ್ಲಿ ಮಾತ್ರ. ಪೆಟ್ಟಿಗೆಯೊಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಪೆಟ್ಟಿಗೆಯನ್ನು ಹೊರಗೋಡೆಗೆ ತಾಗದಂತೆ ಮಲಗಿಸಿ ಇಡಿ. ನಿಲ್ಲಿಸಿಟ್ಟರೆ ಟೈಲುಗಳ ಭಾರಕ್ಕೆ ಕಾರ್ಡಿನ ತಟ್ಟೆ ಸರಿದು ಎಲ್ಲ ಗಡ್ಡಿಗಳೂ ಕಲಸಿಹೋಗುತ್ತವೆ.